ಸಹಾಯ ಬೇಕು: ಹಳೇ ಮಾರುತಿ 800, ತುಕ್ಕು ಹಿಡಿದ ಕೂಲಂಟ್ ಪೈಪ್

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರ್ಬ್ಯುರೇಟರ್ ಕಾಲದ ಮಾರುತಿ 800, ಮೂರು ಸಿಲಿಂಡರ್, 796 ಸಿಸಿ. ಎಂಜಿನ್ ಹಿಂಭಾಗದಲ್ಲಿ ವಾಟರ್ ಪಂಪ್ ಕಡೆಗೆ ಹೋಗುವ ಕಬ್ಬಿಣದ ಪೈಪ್ ತೂತು ಬಿದ್ದಿದೆ. ರಬ್ಬರ್ ಹೋಸ್ ಕೂರುವ ತುದಿಯಂತೂ ಹಪ್ಪಳದ ಹಾಗಾಗಿದೆ, ಉಗುರಿನಲ್ಲಿ ಕೆರೆದರೆ ಚಕ್ಕೆ ಏಳುತ್ತದೆ. ಕ್ಲಾಂಪ್ ಬಿಗಿ ಮಾಡಿದಷ್ಟೂ ಜಾಸ್ತಿ ಸೋರುತ್ತಿದೆ. ಗಾಡಿಯದೇನೂ ತಪ್ಪಿಲ್ಲ ಬಿಡಿ, ಹಿಂದಿನ ಮಾಲೀಕರು ಎಂಜಿನ್ ತಂಪು ಮಾಡುವ ಕೂಲಂಟ್ ದ್ರವದ ಬದಲು ವರ್ಷಗಟ್ಟಲೆ ಬರೀ ಬೋರ್‌ವೆಲ್ ನೀರು ಹಾಕಿ ಓಡಿಸಿದ್ದಾರೆ.

ಶಿವಮೊಗ್ಗದ ಅಂಗಡಿಗಳಲ್ಲಿ ಈ ಪೈಪ್ ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರೋಡ್ ಅಥವಾ ಶಿವಾಜಿನಗರದ ಗುಜರಿಯಲ್ಲಿ ಇತ್ತೀಚೆಗೆ ಯಾರಾದರೂ ನೋಡಿದ್ದೀರಾ? ಹಳೇದೇ ಆದರೂ ಪರವಾಗಿಲ್ಲ, ಆದರೆ ಅದರ ತುದಿಯೂ ಇದೇ ಗತಿಯಾಗಿದ್ದರೆ ಸುಮ್ನೆ ದುಡ್ಡು ದಂಡ ಅಲ್ವಾ?

ಲೇತ್‌ನವರು ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಮಾಡಿಕೊಡುತ್ತೇವೆ ಎನ್ನುತ್ತಾರೆ. ಆದರೆ ತುದಿಯಲ್ಲಿ ಸುತ್ತಲೂ ಸಣ್ಣ ಉಬ್ಬು ಇರಲೇಬೇಕು. ಇಲ್ಲದಿದ್ದರೆ ಬಿಸಿಯಾಗಿ ಒತ್ತಡ ಏರಿದಾಗ ಹೋಸ್ ಜಾರಿ ಬರುತ್ತದೆ. ಅಂಥ ಉಬ್ಬು ಮಾಡಿಕೊಡುವವರು ಶಿವಮೊಗ್ಗ, ಭದ್ರಾವತಿ ಕಡೆ ಇದ್ದಾರಾ? ರೇಡಿಯೇಟರ್ ರಿಪೇರಿಯವರು ಹಳೇ ಪೈಪಿಗೇ ಹಿತ್ತಾಳೆ ತುಂಡನ್ನು ಬ್ರೇಜಿಂಗ್ ಬೆಸುಗೆಯಲ್ಲಿ ಕೂರಿಸಿದರೆ ಬಾಳಿಕೆ ಬರುತ್ತದಾ?

ಇನ್ನೊಂದು ಭಯ, ಪೈಪ್ ಹಿಡಿದಿರುವ ಬೋಲ್ಟ್. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಟ್ಟಿದ್ದೇನೆ, ಇನ್ನೂ ಅಲ್ಲಾಡಿಲ್ಲ. ಕಾಯಿಸಿ ಬಿಚ್ಚಬಹುದಾ? ಪಕ್ಕದಲ್ಲೇ ರಬ್ಬರ್ ಹೋಸ್, ವೈರ್ ಎಲ್ಲ ಇವೆ. ಎಂ-ಸೀಲ್ ಹಚ್ಚಿ ಓಡಿಸಿ ಎನ್ನಬೇಡಿ ದಯವಿಟ್ಟು. ಈ ಕೆಲಸ ಸ್ವತಃ ಮಾಡಿದವರು ಫೋಟೋ ಹಾಕಿದರೆ ದೊಡ್ಡ ಉಪಕಾರ.