ಮೀನು ತಿನ್ನದ ಮನೆಗೆ ಒಮೇಗಾ-3 ಎಲ್ಲಿಂದ? ನಿಮ್ಮ ಅನುಭವ ಹೇಳಿ

ಕೇಳಿದವರು, ಮೈಸೂರು: ಅಮ್ಮನಿಗೆ 62. ನಾವು ಸಸ್ಯಾಹಾರಿಗಳು, ಅಡುಗೆಗೆಲ್ಲ ಸೂರ್ಯಕಾಂತಿ ಎಣ್ಣೆಯೇ. ಊಟದಲ್ಲಿ ಒಮೇಗಾ-3, ಅಂದರೆ ದೇಹಕ್ಕೆ ಬೇಕಾದ ಒಂದು ಬಗೆಯ ಕೊಬ್ಬು, ಹೆಚ್ಚಿಸಿ ಅಂದರು ಡಾಕ್ಟರು. ಅಗಸೆ ಬೀಜ ತಂದು ಮೊಸರಿಗೆ ಹಾಗೇ ಉದುರಿಸಿ ಕೊಡ್ತಿದ್ದೀನಿ. ಸಾಕಾಗುತ್ತಾ, ಮಾತ್ರೆ ಬೇಕಾ?

ಧಾರವಾಡದಿಂದ: ಇಡೀ ಬೀಜ ಕೊಟ್ರ ಉಪಯೋಗಿಲ್ರಿ. ಸಿಪ್ಪಿ ಗಟ್ಟಿ, ಅಗಿಯದ ನುಂಗಿದ್ದು ಹಂಗ ಹೊರಗ ಹೋಗ್ತದ. ಪುಡಿ ಮಾಡ್ಲಿಕ್ಕೇ ಬೇಕು. ನಮ್ಮ ಕಡೆ ಅಗಸಿ ಹಿಂಡಿ ಇಲ್ಲದ ಊಟ ಇಲ್ಲ. ಸಣ್ಣ ಉರಿ ಮ್ಯಾಲ ಹುರೀರಿ, ಚಟಪಟ ಸಿಡಿಯೂ ಸಪ್ಪಳ ಶುರು ಆದಕೂಡ್ಲೇ ಇಳಿಸ್ರಿ, ಕಪ್ಪಾಗೂತನಕ ಬಿಡಬ್ಯಾಡ್ರಿ. ಆರಿದ ಮ್ಯಾಲ ಒಣಮೆಣಸಿನಕಾಯಿ, ಬಳ್ಳೊಳ್ಳಿ, ಜೀರಗಿ, ಉಪ್ಪು, ಚೂರು ಹುಣಸಿಹಣ್ಣು ಹಾಕಿ ತರಿತರಿ ಕುಟ್ರಿ. ರೊಟ್ಟಿ, ಗಟ್ಟಿ ಮೊಸರಿನ ಜೋಡಿ ಅಮ್ಮಾರು ತಾವ ಕೇಳಿ ತಿಂತಾರ.

ಒಂದು ಮಾತು ನೆನಪಿಡ್ರಿ. ಹ್ವಾದ ವರ್ಷ ನಾ ಅರ್ಧ ಕಿಲೋ ಒಮ್ಮೆಲೇ ಕುಟ್ಟಿ ಒಲಿ ಬಾಜೂಕ ಇಟ್ಟಿದ್ದೆ. ತಿಂಗಳ ಮ್ಯಾಲ ಮುಚ್ಚಳ ತೆಗದ್ರ ಹೊಸಾ ಬಣ್ಣ ಹಚ್ಚಿದ ಬಾಗಲದ ವಾಸನಿ. ಪೂರಾ ಚೆಲ್ಲಿದೆ. ಬಣ್ಣಕ್ಕ ಹಾಕೂದೂ ಇದ ಎಣ್ಣಿ, ಗಾಳಿ ತಾಗಿದ್ರ ಲಗೂ ಕೆಡ್ತದ. ಈಗ ವಾರಕ್ಕಾಗೂವಷ್ಟ ಕುಟ್ಟಿ ಫ್ರಿಜ್ಜಿನ್ಯಾಗ ಇಡ್ತೀನಿ.

ಬೆಂಗಳೂರಿನಿಂದ, ಆಹಾರ ತಜ್ಞೆ: ದೇಹ ತಾನಾಗಿ ತಯಾರಿಸಲಾರದ ಕೊಬ್ಬಿನಾಮ್ಲ ಎರಡು: ಒಮೇಗಾ-6ರ ಲಿನೋಲಿಯಿಕ್, ಒಮೇಗಾ-3ರ ಆಲ್ಫಾ ಲಿನೋಲೆನಿಕ್. ಸೂರ್ಯಕಾಂತಿ ಎಣ್ಣೆಯಲ್ಲಿ ಮೊದಲನೆಯದು ಧಾರಾಳ, ಎರಡನೆಯದು ಇಲ್ಲವೆನ್ನುವಷ್ಟು ಕಮ್ಮಿ. ನಿಮ್ಮ ಮನೆಯ ಕೊರತೆ ಅಲ್ಲೇ ಇದೆ. ಹುಚ್ಚೆಳ್ಳು ಚಟ್ನಿಪುಡಿ ಒಳ್ಳೆಯದೇ, ಆದರೆ ಅದರದ್ದೂ ಬಹುಪಾಲು ಒಮೇಗಾ-6, ಅಗಸೆಗೆ ಬದಲಿ ಅಲ್ಲ. ವಯಸ್ಕ ಹೆಂಗಸಿಗೆ ದಿನಕ್ಕೆ 1.1 ಗ್ರಾಂ, ಗಂಡಸಿಗೆ 1.6 ಗ್ರಾಂ ಆಲ್ಫಾ ಲಿನೋಲೆನಿಕ್ ಸಾಕು. ಒಂದು ದೊಡ್ಡ ಚಮಚ, ಅಂದರೆ 7 ಗ್ರಾಂ ಅಗಸೆ ಪುಡಿಯಲ್ಲಿ ಸುಮಾರು 1.6 ಗ್ರಾಂ ಸಿಗುತ್ತದೆ. ಸಾಸಿವೆ ಎಣ್ಣೆ, ಸೋಯಾ ಎಣ್ಣೆ, ಆಕ್ರೋಟಿನಲ್ಲೂ ಇದೆ.

ಮೀನಿನಲ್ಲಿರುವ ಇಪಿಎ, ಡಿಎಚ್‌ಎ ಕೂಡ ಒಮೇಗಾ-3 ಕೊಬ್ಬಿನಾಮ್ಲಗಳೇ, ಆದರೆ ಬೇರೆ ಬಗೆಯವು. ಅಗಸೆಯಿಂದ ದೇಹ ಅವನ್ನು ಮಾಡಿಕೊಳ್ಳುವುದು ಅಲ್ಪಸ್ವಲ್ಪ. ಡಾಕ್ಟರು ಅವೇ ಬೇಕು ಅಂದರೆ ಪಾಚಿಯಿಂದ ತೆಗೆದ ಮಾತ್ರೆ ಸಿಗುತ್ತದೆ. ಮೀನಿಗೂ ಅದು ಬರುವುದು ಪಾಚಿಯಿಂದಲೇ. ರಕ್ತ ತೆಳುವಾಗಿಸುವ ಔಷಧಿ ತಗೊಳ್ಳುವವರು ಡಾಕ್ಟರನ್ನು ಕೇಳದೆ ಈ ಮಾತ್ರೆ ಶುರು ಮಾಡಬಾರದು.

ಮಂಗಳೂರಿನಿಂದ: ಮೀನು ತಿನ್ನುವವರಿಗೆ ಹೇಳುವುದು, ದುಬಾರಿ ಅಂಜಲೇ ಬೇಕು ಅಂತಿಲ್ಲ ಮಾರಾಯ್ರೇ. ಬೂತಾಯಿ, ಬಂಗುಡೆಯಲ್ಲಿ ಒಮೇಗಾ-3 ಭರ್ತಿ ಉಂಟು. ನಮ್ಮಲ್ಲಿ ವಾರಕ್ಕೆ ಎರಡು ಸಲ ಬೂತಾಯಿ ಪುಳಿಮುಂಚಿ, ಎಣ್ಣೆಯಲ್ಲಿ ಕರಿಯುವುದು ಅಪರೂಪ.

ಕೇಳಿದವರು, ಮೈಸೂರು: ಎಲ್ಲರಿಗೂ ಕೈಮುಗಿದೆ. ನಿನ್ನೆ 50 ಗ್ರಾಂ ಮಾತ್ರ ಹುರಿದು ಕುಟ್ಟಿದೆ. ಅಮ್ಮ ಬಿಸಿ ಅನ್ನಕ್ಕೆ ಕಲಸಿಕೊಂಡು ಎರಡನೇ ತುತ್ತಿಗೇ ಇನ್ನೊಂದು ಚಮಚ ಕೇಳಿದರು. ಅವರು ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಾರೆ, ಅದಕ್ಕೇ ಡಾಕ್ಟರ ಹತ್ತಿರ ಮಾತಾಡುವವರೆಗೆ ಒಮೇಗಾ-3 ಮಾತ್ರೆ ತರೋದಿಲ್ಲ.