ಬಾಲ್ಟಿಕ್ ಆಕಾಶದಲ್ಲಿ ಜಿಪಿಎಸ್ ಜಾಮಿಂಗ್: ರಷ್ಯಾದ ಆತ್ಮರಕ್ಷಣೆಯೋ, ನೆರೆಯವರ ಮೇಲಿನ ಒತ್ತಡವೋ?

ದಿಕ್ಸೂಚಿ:
2024ರ ಏಪ್ರಿಲ್ 25 ಮತ್ತು 26ರಂದು ಹೆಲ್ಸಿಂಕಿಯಿಂದ ಹೊರಟ ಫಿನ್‌ಏರ್ ಸಂಸ್ಥೆಯ ಎರಡು ವಿಮಾನಗಳು ಎಸ್ಟೋನಿಯಾದ ಟಾರ್ಟು ನಗರದಲ್ಲಿ ಇಳಿಯಲಾಗದೆ ಹೆಲ್ಸಿಂಕಿಗೇ ಮರಳಿದವು. ಟಾರ್ಟುವಿನಲ್ಲಿ ವಿಮಾನ ಇಳಿಸಲು ಆಗ ಬಳಕೆಯಲ್ಲಿದ್ದ ಕ್ರಮ ಜಿಪಿಎಸ್ ಸಂಕೇತವನ್ನೇ ಅವಲಂಬಿಸಿತ್ತು. ಆ ಸಂಕೇತವನ್ನು ಯಾರೋ ಅಡಗಿಸಿದ್ದರು. ಸಂಸ್ಥೆ ಒಂದು ತಿಂಗಳ ಕಾಲ ಆ ಮಾರ್ಗವನ್ನೇ ನಿಲ್ಲಿಸಿ, ಜಿಪಿಎಸ್ ಇಲ್ಲದೆಯೂ ಇಳಿಯಬಹುದಾದ ವ್ಯವಸ್ಥೆ ಸಿದ್ಧವಾದ ಮೇಲೆ ಮತ್ತೆ ಆರಂಭಿಸಿತು. ಎಸ್ಟೋನಿಯಾದ ವಿದೇಶಾಂಗ ಮಂತ್ರಿ ಮಾರ್ಗಸ್ ಸಾಖ್ನಾ ಇದಕ್ಕೆ ರಷ್ಯಾವನ್ನೇ ಹೊಣೆ ಮಾಡಿದರು. ಅಲ್ಲಿಂದೀಚೆಗೆ ಪರಿಸ್ಥಿತಿ ಹದಗೆಡುತ್ತಲೇ ಬಂದಿದೆ. ಸ್ವೀಡನ್ನಿನ ಸಾರಿಗೆ ಪ್ರಾಧಿಕಾರಕ್ಕೆ 2023ರ ಇಡೀ ವರ್ಷದಲ್ಲಿ ಬಂದ ಇಂತಹ ವರದಿಗಳು 55. 2025ರ ಆಗಸ್ಟ್ ಕೊನೆಯ ಹೊತ್ತಿಗೆ ಆ ವರ್ಷದ ಸಂಖ್ಯೆ 733ಕ್ಕೆ ಏರಿತ್ತು. ನನ್ನ ಪ್ರಶ್ನೆ ಇಷ್ಟು: ಯುದ್ಧದಲ್ಲಿರುವ ದೇಶವೊಂದು ತನ್ನನ್ನು ಕಾಪಾಡಿಕೊಳ್ಳುವಾಗ ಪಕ್ಕದವರಿಗೆ ತಗಲುವ ತೊಂದರೆ ಎಂದು ಇದನ್ನು ನೋಡಬೇಕೇ, ಅಥವಾ ನೆರೆಯ ದೇಶಗಳನ್ನೇ ಗುರಿಯಾಗಿಸಿದ ಒತ್ತಡ ಎಂದು ನೋಡಬೇಕೇ?

ತರಂಗ:
ಉದ್ದೇಶದ ಮಾತಿಗೆ ಹೋಗುವ ಮೊದಲು ಈ ಕೆಲಸ ಎಷ್ಟು ಸುಲಭ ಎಂಬುದನ್ನು ತಿಳಿದಿರಬೇಕು. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ, ಮತ್ತು ಅವುಗಳ ಪ್ರೇಷಕದ ಶಕ್ತಿ ಕೆಲವೇ ಹತ್ತು ವ್ಯಾಟುಗಳು. ನೆಲ ತಲುಪುವಷ್ಟರಲ್ಲಿ ಆ ಸಂಕೇತ ಗ್ರಾಹಕದ ಒಳಗಿನ ಸಹಜ ವಿದ್ಯುತ್ ಗದ್ದಲಕ್ಕಿಂತಲೂ ಕ್ಷೀಣವಾಗಿರುತ್ತದೆ. ಅದರ ಸಂಕೇತಾಕ್ಷರಗಳ ವಿನ್ಯಾಸ ಮೊದಲೇ ಗೊತ್ತಿರುವ ಕಾರಣಕ್ಕೆ ಮಾತ್ರ ಗ್ರಾಹಕ ಅದನ್ನು ಗದ್ದಲದಿಂದ ಬೇರ್ಪಡಿಸಿಕೊಳ್ಳುತ್ತದೆ. ಹಾಗಾಗಿ 1575.42 ಮೆಗಾಹರ್ಟ್ಸ್ ಆವರ್ತನದಲ್ಲಿ ನೆಲದಿಂದ ಸಾಧಾರಣ ಶಕ್ತಿಯ ಗದ್ದಲವನ್ನು ಹೊರಡಿಸಿದರೂ ಬಹುದೂರದವರೆಗೆ ಸಂಕೇತ ಮುಚ್ಚಿಹೋಗುತ್ತದೆ. ಇದು ಜಾಮಿಂಗ್. ಸ್ಪೂಫಿಂಗ್ ಇದಕ್ಕಿಂತ ಕೆಟ್ಟದ್ದು: ಅಲ್ಲಿ ಉಪಗ್ರಹದ್ದೇ ಎಂಬಂತೆ ತೋರುವ ಸುಳ್ಳು ಸಂಕೇತವನ್ನು ಕಳಿಸಿ, ಗ್ರಾಹಕ ತಪ್ಪು ಸ್ಥಳವನ್ನೂ ತಪ್ಪು ಸಮಯವನ್ನೂ ನಂಬುವಂತೆ ಮಾಡಲಾಗುತ್ತದೆ. ಜಾಮಿಂಗ್ ನಡೆದರೆ ಸಂಕೇತ ಹೋಯಿತೆಂಬುದು ಪೈಲಟ್‌ಗೆ ತಿಳಿಯುತ್ತದೆ. ಸ್ಪೂಫಿಂಗ್ ನಡೆದರೆ ಉಪಕರಣ ಸುಳ್ಳನ್ನೇ ಸತ್ಯವೆಂಬಂತೆ ತೋರಿಸುತ್ತದೆ, ಮತ್ತು ನೆಲ ಹತ್ತಿರವಾಗಿದೆ ಎಂದು ಎಚ್ಚರಿಸುವ ಯಂತ್ರವೂ ಆ ಸುಳ್ಳನ್ನೇ ಆಧರಿಸಿ ಬೇಡದ ಹೊತ್ತಿನಲ್ಲಿ ಕೂಗಿಕೊಳ್ಳುತ್ತದೆ.

ಇನ್ನೊಂದು ಸಂಗತಿ. ಈ ತರಂಗಗಳು ನೇರ ದೃಷ್ಟಿರೇಖೆಯಲ್ಲಿ ಸಾಗುತ್ತವೆ. ಹತ್ತು ಸಾವಿರ ಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕೆ ನೆಲದ ಮೇಲಿನ ಪ್ರೇಷಕ ಸುಮಾರು 400 ಕಿಲೋಮೀಟರ್ ದೂರದಿಂದಲೂ ಕಾಣಿಸುತ್ತದೆ. ಆದ್ದರಿಂದ ಪೋಲೆಂಡ್ ಮತ್ತು ಲಿಥುವೇನಿಯಾದ ನಡುವೆ ಇರುವ ರಷ್ಯಾದ ಕಲಿನಿನ್‌ಗ್ರಾಡ್ ತುಣುಕಿನಲ್ಲಿ ಒಂದು ಕೇಂದ್ರವಿದ್ದರೆ ಸಾಕು, ನಾಲ್ಕೈದು ದೇಶಗಳ ಆಕಾಶಕ್ಕೆ ಅದರ ಪರಿಣಾಮ ತಟ್ಟುತ್ತದೆ.

ಎರಡನೇ ಓದು:
ತರಂಗ ಅವರ ಕೊನೆಯ ಮಾತನ್ನೇ ನನ್ನ ವಾದಕ್ಕೆ ಆಧಾರವಾಗಿ ಬಳಸುತ್ತೇನೆ. ಭೌತಶಾಸ್ತ್ರಕ್ಕೆ ಗಡಿ ಗೊತ್ತಿಲ್ಲದಿರುವಾಗ, ಗಡಿಯಾಚೆ ತೊಂದರೆಯಾಯಿತು ಎಂಬುದರಿಂದಲೇ ಅದು ಗಡಿಯಾಚೆಗಿನವರಿಗಾಗಿ ಮಾಡಿದ್ದು ಎಂದು ತೀರ್ಮಾನಿಸಲು ಬರುವುದಿಲ್ಲ. 2024ರ ಜನವರಿಯಲ್ಲಿ ಉಕ್ರೇನಿನ ಡ್ರೋನ್‌ಗಳು ಫಿನ್ಲೆಂಡ್ ಕೊಲ್ಲಿಯ ಉಸ್ಟ್‌ಲೂಗಾ ಬಂದರಿನವರೆಗೆ ಬಂದು ದಾಳಿ ಮಾಡಿದವು. 2025ರ ಸೆಪ್ಟೆಂಬರಿನಲ್ಲಿ ಪ್ರಿಮೋರ್ಸ್ಕ್ ತೈಲ ಬಂದರಿನ ಮೇಲೆ ದಾಳಿ ನಡೆಯಿತು. ಇವೆಲ್ಲ ಎಸ್ಟೋನಿಯಾ, ಫಿನ್ಲೆಂಡ್‌ಗಳಿಗೆ ತೀರ ಹತ್ತಿರದ ಸ್ಥಳಗಳು. ದೂರ ಸಾಗುವ ಡ್ರೋನ್ ದಾರಿ ಹಿಡಿಯುವುದೇ ಉಪಗ್ರಹ ಸಂಕೇತದ ನೆರವಿನಿಂದ, ಆದ್ದರಿಂದ ಆ ಸಂಕೇತವನ್ನು ಕೆಡಿಸುವುದು ಯಾವ ಸೇನೆಯೂ ಮಾಡುವ ಮೊದಲ ಕೆಲಸ. ರಷ್ಯಾದ ಪೋಲೆ‑21 ಎಂಬ ವ್ಯವಸ್ಥೆಯನ್ನು ರೂಪಿಸಿರುವುದೇ ಮಹತ್ವದ ಸ್ಥಾವರಗಳ ಸುತ್ತ ಇಂತಹ ರಕ್ಷಣಾ ವಲಯ ಕಟ್ಟಲು. 2016ರಲ್ಲಿ ಮಾಸ್ಕೋದ ಕ್ರೆಮ್ಲಿನ್ ಬಳಿ ನಿಂತವರ ಫೋನುಗಳು ಅವರನ್ನು ಸುಮಾರು 30 ಕಿಲೋಮೀಟರ್ ದೂರದ ವ್ನುಕೋವೋ ವಿಮಾನ ನಿಲ್ದಾಣದಲ್ಲಿ ತೋರಿಸುತ್ತಿದ್ದವು. ತನ್ನ ರಾಜಧಾನಿಯ ಜನರಿಗೇ ಈ ತೊಂದರೆ ಕೊಟ್ಟ ಸರ್ಕಾರ ಎಸ್ಟೋನಿಯಾದವರಿಗೂ ಅದನ್ನೇ ಕೊಟ್ಟಿತೆಂದರೆ, ಅದನ್ನು ಪ್ರತ್ಯೇಕ ಹಗೆತನವೆಂದು ಕರೆಯುವ ಮೊದಲು ಹೆಚ್ಚಿನ ಪುರಾವೆ ಬೇಕು.

ನೆರೆಹೊರೆ:
ಎರಡನೇ ಓದು ಅವರೇ, ಡ್ರೋನ್ ದಾಳಿಯ ವಾದ 2022ರ ನಂತರದ ಕಾಲಕ್ಕೆ ಮಾತ್ರ ಒಪ್ಪುತ್ತದೆ. 2018ರ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಮೊದಲ ವಾರದಲ್ಲಿ ನಾರ್ವೆಯಲ್ಲಿ ನ್ಯಾಟೋ ಕೂಟದ ಟ್ರೈಡೆಂಟ್ ಜಂಕ್ಚರ್ ಸಮರಾಭ್ಯಾಸ ನಡೆಯಿತು. ಅದೇ ದಿನಗಳಲ್ಲಿ ನಾರ್ವೆಯ ಉತ್ತರ ತುದಿಯಲ್ಲೂ ಫಿನ್ಲೆಂಡಿನ ಲ್ಯಾಪ್‌ಲ್ಯಾಂಡಿನಲ್ಲೂ ಜಿಪಿಎಸ್ ಕೆಟ್ಟಿತು. ಸಂಕೇತ ಕೆಡಿಸುವ ತರಂಗಗಳು ಕೋಲಾ ಪರ್ಯಾಯ ದ್ವೀಪದ ರಷ್ಯನ್ ನೆಲೆಗಳ ಕಡೆಯಿಂದ ಬಂದವು ಎಂದು ನಾರ್ವೆ ಹೇಳಿತು. ಆಗ ಕೋಲಾದತ್ತ ಯಾರ ಡ್ರೋನ್‌ಗಳೂ ಹಾರಿ ಬರುತ್ತಿರಲಿಲ್ಲ. ಫಿನ್ಲೆಂಡ್ ಆಗ ನ್ಯಾಟೋ ಸದಸ್ಯ ದೇಶವೂ ಆಗಿರಲಿಲ್ಲ, ಅಭ್ಯಾಸಕ್ಕೆ ಜೊತೆಗೂಡಿತ್ತು ಅಷ್ಟೇ. ಅದಕ್ಕೂ ಹಿಂದೆ, 2017ರ ಜೂನಿನಲ್ಲಿ, ಕಪ್ಪು ಸಮುದ್ರದ ನೊವೊರೊಸಿಸ್ಕ್ ಬಳಿ ಇಪ್ಪತ್ತಕ್ಕೂ ಹೆಚ್ಚು ಹಡಗುಗಳ ಉಪಕರಣಗಳು ತಾವು ಗೆಲೆಂಜಿಕ್ ವಿಮಾನ ನಿಲ್ದಾಣದಲ್ಲಿ ಇದ್ದೇವೆಂದು ತೋರಿಸಿದ್ದವು. ಈ ಅಭ್ಯಾಸ ಯುದ್ಧಕ್ಕಿಂತ ಹಳೆಯದು. ಯುದ್ಧ ಅದಕ್ಕೆ ಹೊಸ ಕಾರಣ ಕೊಟ್ಟಿರಬಹುದು, ಆದರೆ ನೆರೆಯವರು ಸೇನೆ ಜಮಾಯಿಸಿದಾಗ ಅವರ ಆಕಾಶವನ್ನು ಕೆಡಿಸಿ ತೋರಿಸುವ ರೂಢಿ ಮೊದಲೇ ಇತ್ತು.

ಎರಡನೇ ಓದು:
2018ರ ಘಟನೆಯನ್ನು ನಾನು ಅಲ್ಲಗಳೆಯುವುದಿಲ್ಲ. ಸಮರಾಭ್ಯಾಸವನ್ನು ಗಮನಿಸುತ್ತಿದ್ದ ಸೇನೆ ಅದರ ಎದುರು ತನ್ನ ಉಪಕರಣಗಳನ್ನು ಪರೀಕ್ಷಿಸಿತು ಎಂಬ ವಿವರಣೆಯೂ ಅದಕ್ಕೆ ಸಾಧ್ಯ. ಆದರೆ ನನ್ನ ಆತಂಕ ಬೇರೆ ಕಡೆ ಇದೆ. 2025ರ ಆಗಸ್ಟ್ 31ರಂದು ಯುರೋಪಿಯನ್ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯೆನ್ ಅವರ ವಿಮಾನ ಬಲ್ಗೇರಿಯಾದ ಪ್ಲೊವ್‌ಡಿವ್‌ನಲ್ಲಿ ಇಳಿಯುವಾಗ ಜಿಪಿಎಸ್ ಕೆಟ್ಟಿತ್ತೆಂದೂ ರಷ್ಯಾದ ಕೈವಾಡ ಶಂಕಿಸಲಾಗಿದೆಯೆಂದೂ ಆಯೋಗ ಪ್ರಕಟಿಸಿತು. ಆ ವಿಮಾನ ಹಾರಾಟದುದ್ದಕ್ಕೂ ಉತ್ತಮ ಗುಣಮಟ್ಟದ ಸಂಕೇತವನ್ನೇ ವರದಿ ಮಾಡುತ್ತಿತ್ತು ಎಂದು ವಿಮಾನಗಳ ಜಾಡು ಹಿಡಿಯುವ ಫ್ಲೈಟ್‌ರೇಡಾರ್24 ತನ್ನ ದತ್ತಾಂಶ ಮುಂದಿಟ್ಟಿತು. ಕೆಲವೇ ದಿನಗಳಲ್ಲಿ ಬಲ್ಗೇರಿಯಾದ ಪ್ರಧಾನಿಯೇ ಜಾಮಿಂಗ್‌ಗೆ ಪುರಾವೆ ಇಲ್ಲ ಎಂದರು. ಇಂತಹ ಅವಸರದ ಆರೋಪ ಒಂದು ಸಾಕು, ಟಾರ್ಟುವಿನಂತಹ ಗಟ್ಟಿ ಪ್ರಕರಣಗಳನ್ನೂ ಜನ ನಂಬದಂತಾಗಲು.

ತರಂಗ:
ಪ್ಲೊವ್‌ಡಿವ್ ವಿಷಯದಲ್ಲಿ ಪೂರ್ಣ ಒಪ್ಪಿಗೆಯಿದೆ. ತಂತ್ರಜ್ಞರು ಅಳತೆ ಮಾಡಿ ಹೇಳುವ ಮೊದಲೇ ವಕ್ತಾರರು ಮಾತಾಡಿದರೆ ಹೀಗಾಗುತ್ತದೆ. ಆದರೆ ಅದರಿಂದ ಹೊರಡುವ ಪಾಠವನ್ನು ನೀವು ಅರ್ಧಕ್ಕೆ ನಿಲ್ಲಿಸಿದ್ದೀರಿ: ಒಂದು ಸುಳ್ಳು ಆರೋಪವನ್ನು ಅಷ್ಟು ಬೇಗ ಹಿಡಿದುಕೊಟ್ಟ ಅದೇ ದತ್ತಾಂಶ, ಅಂದರೆ ಪ್ರತಿ ವಿಮಾನವೂ ತನ್ನ ಸ್ಥಾನದ ನಿಖರತೆಯ ಬಗ್ಗೆ ನಿರಂತರವಾಗಿ ಬಿತ್ತರಿಸುವ ಮಾಹಿತಿ, ಕಲಿನಿನ್‌ಗ್ರಾಡಿನ ಸುತ್ತ ಮತ್ತು ಫಿನ್ಲೆಂಡ್ ಕೊಲ್ಲಿಯ ಪೂರ್ವ ತುದಿಯ ಸುತ್ತ ದಿನದಿನವೂ ನಕ್ಷೆಯ ಮೇಲೆ ಸಂಕೇತ ಕೆಟ್ಟ ಜಾಗಗಳ ಕೆಂಪು ಕಲೆಗಳನ್ನು ತೋರಿಸುತ್ತಿದೆ. ಅಲ್ಲಿ ಯಾವ ವಕ್ತಾರರ ಮಾತೂ ಬೇಕಿಲ್ಲ. 2024ರ ಮಾರ್ಚಿನಲ್ಲಿ ಬ್ರಿಟನ್ನಿನ ಆಗಿನ ರಕ್ಷಣಾ ಮಂತ್ರಿ ಗ್ರಾಂಟ್ ಶಾಪ್ಸ್ ಅವರ ವಿಮಾನ ಕಲಿನಿನ್‌ಗ್ರಾಡಿನ ಬಳಿ ಹಾದುಹೋಗುವಾಗ ಸುಮಾರು ಅರ್ಧ ಗಂಟೆ ಜಿಪಿಎಸ್ ಕಳೆದುಕೊಂಡಾಗ ಅದು ಸುದ್ದಿಯಾಯಿತು. ಅದೇ ದಾರಿಯಲ್ಲಿ ನಿತ್ಯ ಓಡಾಡುವ ಪ್ರಯಾಣಿಕ ವಿಮಾನಗಳದ್ದು ಸುದ್ದಿಯಾಗುವುದಿಲ್ಲ.

ಕಡತ:
ಉದ್ದೇಶದ ಪ್ರಶ್ನೆಗೆ ನನಗೆ ತೋರುವ ಒಳ್ಳೆಯ ಒರೆಗಲ್ಲು ನಡವಳಿಕೆ. ಆತ್ಮರಕ್ಷಣೆಗಾಗಿ ಜಾಮಿಂಗ್ ಮಾಡಲೇಬೇಕಾದ ದೇಶ ಪಕ್ಕದವರಿಗೆ ಹಾನಿಯಾಗಬಾರದು ಎಂದು ನಿಜಕ್ಕೂ ಬಯಸಿದರೆ ಏನು ಮಾಡುತ್ತದೆ? ಯಾವ ಪ್ರದೇಶದಲ್ಲಿ, ಯಾವ ಹೊತ್ತಿನಲ್ಲಿ ಸಂಕೇತ ಕೆಡಬಹುದು ಎಂದು ಪೈಲಟ್‌ಗಳಿಗೆ ಮುನ್ಸೂಚನೆ ಹೊರಡಿಸುತ್ತದೆ. ಅಮೆರಿಕದ ಸೇನೆ ತನ್ನ ನೆಲದಲ್ಲಿ ಜಾಮಿಂಗ್ ಪರೀಕ್ಷೆ ನಡೆಸುವಾಗ ಇಂತಹ ಸೂಚನೆಗಳನ್ನು ವಾಡಿಕೆಯಂತೆ ಕೊಡುತ್ತದೆ. 2018ರಲ್ಲಿ ಪೈಲಟ್‌ಗಳನ್ನು ಎಚ್ಚರಿಸಿದ್ದು ತೊಂದರೆಗೊಳಗಾದ ನಾರ್ವೆ ಮತ್ತು ಫಿನ್ಲೆಂಡ್. ಕ್ರೆಮ್ಲಿನ್ ಆ ಆರೋಪವನ್ನೇ ತಳ್ಳಿಹಾಕಿತು. ದಾಳಿಯ ಭಯ ಇದ್ದಾಗ ನಿಖರ ಸಮಯವನ್ನು ಮೊದಲೇ ಹೇಳಲಾಗದು ಎಂಬುದು ಸರಿಯಾದ ಮಾತೇ. ಆದರೆ ಶಾಶ್ವತವಾದ ಅಪಾಯ ವಲಯವೊಂದನ್ನು ಘೋಷಿಸಲು, ಎಸ್ಟೋನಿಯಾದ ದೂರಿಗೆ ಉತ್ತರ ಕೊಡಲು, ಪ್ರೇಷಕದ ದಿಕ್ಕನ್ನು ಅಥವಾ ಶಕ್ತಿಯನ್ನು ಹೊಂದಿಸಲು ಯಾವ ಡ್ರೋನೂ ಅಡ್ಡಬರುವುದಿಲ್ಲ.

ಕಾನೂನಿನಲ್ಲಿ ಒಂದು ಸಡಿಲ ಎಳೆಯಿದೆ ಎಂಬುದನ್ನೂ ಹೇಳಬೇಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಂವಿಧಾನದ 45ನೆಯ ವಿಧಿ ಹಾನಿಕರ ಅಡಚಣೆಯನ್ನು ನಿಷೇಧಿಸುತ್ತದೆ. 48ನೆಯ ವಿಧಿ ಸೇನೆಗಳ ರೇಡಿಯೋ ಕೇಂದ್ರಗಳಿಗೆ ಪೂರ್ಣ ಸ್ವಾತಂತ್ರ್ಯ ಉಳಿಸುತ್ತದೆ. ಆದರೆ ಅದೇ 48ನೆಯ ವಿಧಿ, ಅಂತಹ ಕೇಂದ್ರಗಳೂ ಸಾಧ್ಯವಾದಷ್ಟರ ಮಟ್ಟಿಗೆ ಅಡಚಣೆ ತಪ್ಪಿಸುವ ನಿಯಮಗಳನ್ನು ಪಾಲಿಸಬೇಕು ಎನ್ನುತ್ತದೆ. ಸಾಧ್ಯವಾದಷ್ಟು ಎಂಬ ಆ ಷರತ್ತಿನೊಳಗೇ ಪ್ರಯತ್ನ ಮಾಡುವ ಕರ್ತವ್ಯವಿದೆ, ಮತ್ತು ಪ್ರಯತ್ನ ಕಾಣದಿರುವಾಗ ರಕ್ಷಣೆಯ ನೆಪ ದುರ್ಬಲವಾಗುತ್ತದೆ. 2025ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಹಾಸಭೆ ಉತ್ತರ ಕೊರಿಯಾದ ಜೊತೆಗೆ ರಷ್ಯಾವನ್ನೂ ಇದೇ ವಿಷಯದಲ್ಲಿ ಖಂಡಿಸಿತು.

ನೆರೆಹೊರೆ:
ಕಡತ ಅವರ ಒರೆಗಲ್ಲಿಗೆ ಇನ್ನೊಂದು ಉದಾಹರಣೆ ಸೇರಿಸುತ್ತೇನೆ, ಮತ್ತು ಇದನ್ನು ಬರೆಯುವಾಗ ನನಗೆ ಕೋಪ ಬರುತ್ತದೆ. 2024ರ ಡಿಸೆಂಬರ್ 25ರಂದು ಬಾಕುವಿನಿಂದ ಗ್ರೋಜ್ನಿಗೆ ಹೊರಟ ಅಜರ್‌ಬೈಜಾನ್ ಏರ್‌ಲೈನ್ಸ್ ವಿಮಾನ ಗ್ರೋಜ್ನಿಯ ಬಳಿ ಜಿಪಿಎಸ್ ಕಳೆದುಕೊಂಡಿತು. ಅಲ್ಲಿ ಉಕ್ರೇನಿನ ಡ್ರೋನ್‌ಗಳ ವಿರುದ್ಧ ರಷ್ಯಾದ ವಾಯುರಕ್ಷಣೆ ಕೆಲಸ ಮಾಡುತ್ತಿತ್ತು. ವಿಮಾನದ ಪಕ್ಕದಲ್ಲೇ ಕ್ಷಿಪಣಿ ಸಿಡಿದು, ಹಾನಿಗೊಂಡ ವಿಮಾನ ಕ್ಯಾಸ್ಪಿಯನ್ ಸಮುದ್ರ ದಾಟಿ ಕಜಾಕಿಸ್ತಾನದ ಅಕ್ತಾವ್ ಬಳಿ ನೆಲಕ್ಕಪ್ಪಳಿಸಿತು. ಒಳಗಿದ್ದ 67 ಜನರಲ್ಲಿ 38 ಮಂದಿ ಸತ್ತರು. ಕ್ಷಿಪಣಿಗಳು ವಿಮಾನದ ಸಮೀಪ ಸಿಡಿದವೆಂದು ಪುಟಿನ್ ಅವರೇ ಒಪ್ಪಿಕೊಂಡದ್ದು 2025ರ ಅಕ್ಟೋಬರಿನಲ್ಲಿ. ಜಾಮಿಂಗ್ ಅಲ್ಲಿ ರಕ್ಷಣೆಗಾಗಿಯೇ ಇತ್ತು, ಒಪ್ಪೋಣ. ಹಾಗಿದ್ದರೆ ವಾಯುಪ್ರದೇಶವನ್ನು ವಿಮಾನ ಬರುವ ಮೊದಲೇ ಏಕೆ ಮುಚ್ಚಲಿಲ್ಲ?

ಎರಡನೇ ಓದು:
ಈ ಉದಾಹರಣೆ ನಿಮ್ಮ ವಾದಕ್ಕಿಂತ ನನ್ನ ವಾದಕ್ಕೆ ಹೆಚ್ಚು ಹತ್ತಿರ ಎಂದು ನನಗೆ ಅನಿಸುತ್ತದೆ. ಅಜರ್‌ಬೈಜಾನ್ ರಷ್ಯಾದ ಶತ್ರುವಾಗಿರಲಿಲ್ಲ. ಆ ವಿಮಾನ ರಷ್ಯಾದ ಊರಿಗೇ ಹೋಗುತ್ತಿತ್ತು. ಅಲ್ಲಿ ಕಾಣುವುದು ಉದಾಸೀನ. ಉದಾಸೀನವೂ ಕೊಲ್ಲುತ್ತದೆ, ಅದಕ್ಕೂ ಶಿಕ್ಷೆಯಾಗಬೇಕು, ಆದರೆ ನೆರೆಯ ದೇಶದ ಮೇಲೆ ಆಕ್ರಮಣ ಎಂಬ ಆರೋಪ ಬೇರೆಯದು. ಆ ಆರೋಪವನ್ನು ಒಪ್ಪಿದರೆ ಅದಕ್ಕೆ ತಕ್ಕ ಪ್ರತಿಕ್ರಿಯೆಯನ್ನೂ ಸಮರ್ಥಿಸಬೇಕಾಗುತ್ತದೆ.

ದಿಕ್ಸೂಚಿ:
ಈ ಎರಡರ ನಡುವೆ ಮೂರನೆಯ ಸಾಧ್ಯತೆಯೊಂದು ಇದೆ, ನನಗೆ ಬಾಲ್ಟಿಕ್ ಪ್ರದೇಶಕ್ಕೆ ಅದೇ ಹೆಚ್ಚು ಹೊಂದುತ್ತದೆ ಎನಿಸುತ್ತದೆ. ಮೊದಲು ತನ್ನ ರಕ್ಷಣೆಗಾಗಿ ಆರಂಭಿಸಿದ ಕೆಲಸದಿಂದ ನೆರೆಯವರಿಗೆ ಕಷ್ಟವಾಗುತ್ತಿದೆ ಎಂದು ತಿಳಿದ ಮೇಲೆ, ಆ ಕಷ್ಟವೂ ತನಗೆ ಪ್ರಯೋಜನಕಾರಿ ಎಂದು ಕಂಡುಕೊಂಡು, ಕಡಿಮೆ ಮಾಡಬಹುದಾದಲ್ಲಿಯೂ ಮಾಡದೆ ಇರುವುದು. ಪ್ರಯೋಜನಗಳು ಸ್ಪಷ್ಟವಾಗಿವೆ. ಗುಂಡು ಹಾರಿಸದೆ ನ್ಯಾಟೋ ದೇಶವೊಂದರ ವಿಮಾನ ನಿಲ್ದಾಣಕ್ಕೆ ಸಂಚಾರ ತಪ್ಪಿಸಬಹುದು. ಪ್ರತಿಕ್ರಿಯೆ ಎಲ್ಲಿಯವರೆಗೆ ಬರುತ್ತದೆ ಎಂದು ಅಳೆಯಬಹುದು. ಪ್ರಶ್ನೆ ಬಂದರೆ ಡ್ರೋನ್‌ಗಳತ್ತ ಬೆರಳು ತೋರಿಸಬಹುದು. ಉಕ್ರೇನಿನ ಮೇಲೆ ಯುದ್ಧ ಹೂಡಿದ ದೇಶವೇ ಆ ಯುದ್ಧದಿಂದ ಹುಟ್ಟಿದ ಡ್ರೋನ್‌ಗಳನ್ನು ಕಾರಣವಾಗಿ ಮುಂದಿಡುತ್ತಿದೆ ಎಂಬುದನ್ನು ಎರಡನೇ ಓದು ಅವರ ಲೆಕ್ಕದಲ್ಲಿ ನಾನು ಎಲ್ಲೂ ಕಾಣಲಿಲ್ಲ. ಆಕ್ರಮಣ ಮಾಡಿದವನ ರಕ್ಷಣೆಯ ಖರ್ಚನ್ನು ಆಕ್ರಮಣಕ್ಕೆ ಸಂಬಂಧವಿಲ್ಲದ ಟಾರ್ಟುವಿನ ಪ್ರಯಾಣಿಕರು ಏಕೆ ಭರಿಸಬೇಕು?

ಜಿಪಿಎಸ್ ನಾಗರಿಕ ವಿಮಾನಗಳಿಗೆ ದೊರೆತ ಹಿನ್ನೆಲೆಯನ್ನೂ ಇಲ್ಲಿ ನೆನೆಯಬೇಕು. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ಬಂದ ಕೊರಿಯನ್ ಏರ್‌ಲೈನ್ಸ್ ವಿಮಾನವನ್ನು ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿ 269 ಜನ ಸತ್ತರು. ಜಿಪಿಎಸ್ ಸಿದ್ಧವಾದಾಗ ನಾಗರಿಕ ಬಳಕೆಗೂ ಉಚಿತವಾಗಿ ಸಿಗುತ್ತದೆ ಎಂದು ಅಮೆರಿಕದ ಅಧ್ಯಕ್ಷ ರೇಗನ್ ಅವರ ಸರ್ಕಾರ ಘೋಷಿಸಿದ್ದು ಅದರ ಬೆನ್ನಿಗೇ. ವಿಮಾನಗಳು ತಪ್ಪು ದಾರಿ ಹಿಡಿದು ಸಾಯಬಾರದು ಎಂಬ ಕಾಳಜಿಯಿಂದ ಎಲ್ಲರಿಗೂ ತೆರೆದ ಸೌಲಭ್ಯ ಇದು.

ಎರಡನೇ ಓದು:
ನಿಮ್ಮ ಮೂರನೆಯ ಸಾಧ್ಯತೆಯನ್ನು ನಾನು ತಳ್ಳಿಹಾಕುವುದಿಲ್ಲ. ಅದನ್ನು ಸಾಬೀತುಪಡಿಸಲು ಏನು ಬೇಕು ಎಂದರೆ, ಉಕ್ರೇನಿನ ಡ್ರೋನ್‌ಗಳ ಸುಳಿವೇ ಇಲ್ಲದ ದಿನಗಳಲ್ಲೂ ಅಡಚಣೆ ಅಷ್ಟೇ ತೀವ್ರವಾಗಿ ಮುಂದುವರಿದಿದೆಯೇ ಎಂಬ ಹೋಲಿಕೆ. ಅದನ್ನು ಸರ್ಕಾರಗಳು ತಮ್ಮ ಅಳತೆಗಳೊಂದಿಗೆ ಬಹಿರಂಗವಾಗಿ ಮುಂದಿಡಲಿ.

ತರಂಗ:
ಆ ಬೇಡಿಕೆ ನ್ಯಾಯವಾದದ್ದು, ಅದಕ್ಕೆ ಮೇಲ್ಪಂಕ್ತಿಯೂ ಇದೆ. 2019ರಲ್ಲಿ ನಾರ್ವೆ ತನ್ನ ಅಳತೆಗಳನ್ನು ಪುರಾವೆಯಾಗಿ ರಷ್ಯಾದ ಮುಂದಿಟ್ಟು, ಇದನ್ನು ನಿಲ್ಲಿಸಿ ಎಂದು ಕೇಳಿತ್ತು. ಬಾಲ್ಟಿಕ್ ದೇಶಗಳು ಒಂದು ಹೆಜ್ಜೆ ಮುಂದೆ ಹೋಗಿ, ತರಂಗ ಯಾವ ದಿಕ್ಕಿನಿಂದ, ಯಾವ ದಿನ, ಎಷ್ಟು ಹೊತ್ತು ಬಂತೆಂಬ ಪಟ್ಟಿಯನ್ನು ಎಲ್ಲರೂ ಪರಿಶೀಲಿಸುವಂತೆ ಪ್ರಕಟಿಸಬೇಕು. ಯುರೋಪಿನ ಗೆಲಿಲಿಯೋ ವ್ಯವಸ್ಥೆ 2025ರ ಜುಲೈನಿಂದ ತನ್ನ ಸಂಕೇತಕ್ಕೆ ದೃಢೀಕರಣದ ಮುದ್ರೆ ಸೇರಿಸಿದೆ; ಸುಳ್ಳು ಸಂಕೇತವನ್ನು ಗುರುತಿಸಲು ಅದು ನೆರವಾಗುತ್ತದೆ, ಬರೀ ಗದ್ದಲದೆದುರು ಅದೂ ನಿರುಪಾಯ. ಗದ್ದಲಕ್ಕೆ ಉತ್ತರ ನೆಲದ ಮೇಲೆಯೇ ಇರಬೇಕು.

ಕಡತ:
ಹೌದು, ಮತ್ತು ಆ ಉತ್ತರ ಹೊಸದಾಗಿ ಕಂಡುಹಿಡಿಯಬೇಕಾದದ್ದಲ್ಲ. ವಿಮಾನಕ್ಕೆ ದಿಕ್ಕು ತಿಳಿಸುವ ವಿಓಆರ್ ಮತ್ತು ದೂರ ತಿಳಿಸುವ ಡಿಎಂಇ ಕೇಂದ್ರಗಳು ದಶಕಗಳಿಂದ ನೆಲದ ಮೇಲೆ ನಿಂತಿವೆ. ಅವುಗಳ ಸಂಕೇತ ಹತ್ತಿರದಿಂದ, ಬಲವಾಗಿ ಬರುವುದರಿಂದ ದೂರದ ಜಾಮಿಂಗ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಉಪಗ್ರಹವಿರುವಾಗ ಇವುಗಳ ನಿರ್ವಹಣೆಗೆ ಏಕೆ ಹಣ ಹಾಕಬೇಕು ಎಂದು ಅನೇಕ ದೇಶಗಳು ಇವನ್ನು ಒಂದೊಂದಾಗಿ ಮುಚ್ಚುತ್ತಾ ಬಂದವು. 2025ರ ಮಾರ್ಚಿನಲ್ಲಿ ವಿಮಾನಯಾನ, ದೂರಸಂಪರ್ಕ ಮತ್ತು ನೌಕಾಯಾನದ ಮೂರೂ ವಿಶ್ವಸಂಸ್ಥೆ ಅಂಗಗಳು ಜಂಟಿ ಹೇಳಿಕೆ ಹೊರಡಿಸಿ, ಸಾಂಪ್ರದಾಯಿಕ ಸಂಚರಣಾ ವ್ಯವಸ್ಥೆಗಳನ್ನು ಸಾಕಷ್ಟು ಪ್ರಮಾಣದಲ್ಲಿ ಉಳಿಸಿಕೊಳ್ಳುವಂತೆ ದೇಶಗಳನ್ನು ಕೇಳಿಕೊಂಡವು. ರಷ್ಯಾದ ಉದ್ದೇಶದ ಬಗ್ಗೆ ನಾವು ಇನ್ನೂ ವಾದಿಸಬಹುದು. ಕಲಿನಿನ್‌ಗ್ರಾಡಿನಿಂದ 400 ಕಿಲೋಮೀಟರ್ ಒಳಗಿರುವ ಒಂದೇ ಒಂದು ನೆಲಕೇಂದ್ರವನ್ನೂ ಅಲ್ಲಿಯವರೆಗೆ ಮುಚ್ಚಬಾರದು.