ಕ್ವಾರ್ಟರ್ಸ್‌ ಸ್ನೇಹ ಊರಿಗೆ ಬಂದ ಮೇಲೂ ಉಳಿಯುತ್ತದಾ? ಅನುಭವ ಇದ್ದವರು ಹೇಳಿ

ಕೇಳಿದವರು, ತೀರ್ಥಹಳ್ಳಿ ಕಡೆಯಿಂದ:

ನಮ್ಮ ಮನೆಯವರು ಆರ್ಮಿಯಲ್ಲಿದ್ದಾರೆ. ಮದುವೆಯಾದ ಮೇಲೆ ಸಿಕಂದರಾಬಾದಿನಲ್ಲಿ ಕ್ವಾರ್ಟರ್ಸ್ ಸಿಕ್ಕಿತ್ತು, ಮಗಳು ಹುಟ್ಟಿದ್ದೂ ಅಲ್ಲೇ. ಈಗ ಅವರಿಗೆ ಮನೆಯವರನ್ನು ಕರೆದೊಯ್ಯಲಾಗದ ಫೀಲ್ಡ್ ಪೋಸ್ಟಿಂಗ್ ಆಗಿ, ನಾನು ಮಗಳ ಜೊತೆ ಅತ್ತೆಮನೆಗೆ ಬಂದಿದ್ದೇನೆ. ಆಗುಂಬೆ ರಸ್ತೆಯಿಂದ ಒಳಗೆ, ತೋಟದ ಮಧ್ಯೆ ಒಂಟಿ ಮನೆ. ಅಲ್ಲಿ ಒಂದೇ ಬ್ಲಾಕಿನಲ್ಲಿದ್ದ ನಾವು ನಾಲ್ಕು ಜನ ಹೆಂಗಸರು ಅಕ್ಕತಂಗಿಯರ ಹಾಗೇ ಇದ್ದೆವು. ಈಗ ಒಬ್ಬಳು ಒಡಿಶಾ, ಒಬ್ಬಳು ಪಂಜಾಬ್, ಒಬ್ಬಳು ಕೇರಳ. ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಚಿತ್ರ ಬಿಟ್ಟರೆ ಬೇರೆ ಮಾತಿಲ್ಲ. "ಅದೆಲ್ಲ ರೈಲಿನ ಸ್ನೇಹ, ಇಳಿದ ಮೇಲೆ ಮುಗೀತು" ಅಂತ ಅತ್ತೆ ಹೇಳುತ್ತಾರೆ. ಹೌದಾ? ವರ್ಷಗಟ್ಟಲೆ ಉಳಿಸಿಕೊಂಡವರು ಯಾರಾದರೂ ಇದ್ದೀರಾ?

ಸಾಗರದಿಂದ:

ಇದ್ದೇವೆ ತಂಗಿ. ನಮ್ಮವರು ಸುಬೇದಾರ್ ಆಗಿ ರಿಟೈರ್ ಆಗಿ ಬಹಳ ವರ್ಷವಾಯಿತು. ಪಂಜಾಬಿನ ಗುರುದಾಸಪುರದ ಒಬ್ಬಳು ಇವತ್ತಿಗೂ ನಮ್ಮನೆಯ ಮಗಳೇ.

ಮೊದಲು ಒಂದು ವಿಷಯ ತಿಳಿದುಕೋ. ನಿನ್ನ ಯಜಮಾನರು ಇನ್‌ಫೆಂಟ್ರಿ (ಕಾಲ್ದಳ) ಪಲ್ಟನ್ನಿನವರಾದರೆ ಇಡೀ ಯೂನಿಟ್ಟೇ ಒಟ್ಟಿಗೆ ಜಾಗ ಬದಲಿಸುತ್ತದೆ. ಇವತ್ತು ಬಿಟ್ಟವರು ಮನೆಯವರೂ ಜೊತೆಗಿರಬಹುದಾದ ಮುಂದಿನ ಪೀಸ್ ಸ್ಟೇಷನ್ನಿನಲ್ಲಿ ಮತ್ತೆ ಪಕ್ಕದ ಮನೆಗೇ ಬರಬಹುದು. ರಿಪೇರಿ, ಸರಬರಾಜು, ಸಂಪರ್ಕ ನೋಡಿಕೊಳ್ಳುವ ಇ.ಎಂ.ಇ, ಎ.ಎಸ್.ಸಿ, ಸಿಗ್ನಲ್ಸ್ ಆದರೆ ಪೋಸ್ಟಿಂಗ್ ಒಬ್ಬೊಬ್ಬರಿಗೆ ಬೇರೆ ಬೇರೆ, ಒಂದು ಬ್ಲಾಕಿನ ನಾಲ್ಕು ಮನೆ ನಾಲ್ಕು ದಿಕ್ಕು. ಹಾಗೆ ಚದುರಿ ಹೋದವರ ಸ್ನೇಹವನ್ನು ನಾವೇ ಕೈಯಾರೆ ಹಿಡಿದುಕೊಳ್ಳಬೇಕು, ತಾನಾಗಿ ನಿಲ್ಲುವುದಿಲ್ಲ.

ನಾನು ಕಂಡುಕೊಂಡದ್ದು ಇಷ್ಟೇ: ಶುಭಾಶಯದಿಂದ ಸ್ನೇಹ ಉಳಿಯುವುದಿಲ್ಲ, ಕೆಲಸ ಹೇಳುವುದರಿಂದ ಉಳಿಯುತ್ತದೆ. ಕ್ವಾರ್ಟರ್ಸಿನಲ್ಲಿ ನಾವು ಹತ್ತಿರವಾದದ್ದು ಹೇಗೆ? ಗ್ಯಾಸ್ ಬಂದರೆ ತೆಗೆದಿಡು, ಮಗುವನ್ನು ಸ್ವಲ್ಪ ನೋಡಿಕೋ, ಮಿಲಿಟರಿ ಕ್ಯಾಂಟೀನ್ ಅಂಗಡಿಯಿಂದ ನನಗೂ ಒಂದು ತಾ. ಊರಿಗೆ ಬಂದ ಕೂಡಲೇ ಸಂಕೋಚ ಬಂದುಬಿಡುತ್ತದೆ, ದೂರದಲ್ಲಿದ್ದಾಳೆ, ಯಾಕೆ ತೊಂದರೆ ಕೊಡುವುದು ಅಂತ. ಆ ಸಂಕೋಚ ಬಿಡು. ನಮ್ಮವರು ಮೇಲೆ ಹಿಮದ ಕಡೆ ಹೋಗುವಾಗ ನಾನು ಅವಳಿಗೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸು ಅಂತ ಬರೆದೆ. ಅವಳು ತನ್ನ ಮಗಳ ಕೂದಲಿಗೆ ಗಾಣದ ಕೊಬ್ಬರಿ ಎಣ್ಣೆ ಬೇಕು ಅಂದಳು. ಅಲ್ಲಿಂದ ಇಲ್ಲಿಯವರೆಗೆ ಒಂದಲ್ಲ ಒಂದು ಕೆಲಸ ನಮ್ಮ ನಡುವೆ ಓಡಾಡುತ್ತಲೇ ಇದೆ.

ನನ್ನ ಎರಡನೇ ಹೆರಿಗೆ ಮಿಲಿಟರಿ ಆಸ್ಪತ್ರೆಯಲ್ಲಿ ಆಯಿತು. ನಮ್ಮವರು ಯುದ್ಧಾಭ್ಯಾಸದ ಎಕ್ಸರ್‌ಸೈಜ್‌ಗೆ ಹೊರಗೆ ಹೋಗಿದ್ದರು, ಅಮ್ಮ ಇನ್ನೂ ರೈಲಿನಲ್ಲಿದ್ದರು. ರಾತ್ರಿಯಿಡೀ ಕೂತವಳು ಇವಳೇ. ಮನೆಗೆ ಬಂದ ಮೇಲೆ ತುಪ್ಪದಲ್ಲಿ ಗೋಧಿಹಿಟ್ಟು ಹುರಿದು ಬಾದಾಮಿ, ಅಂಟು ಹಾಕಿದ ಪಂಜೀರಿ ಮಾಡಿ ಡಬ್ಬಿ ತುಂಬಿಸಿಟ್ಟಳು. ಅಮ್ಮ ಊರಿನಿಂದ ಬಾಣಂತಿ ಲೇಹ್ಯ ತಂದಿದ್ದರು. ಬೆಳಿಗ್ಗೆ ಅದು, ಸಂಜೆ ಇದು. ಅವಳ ಹೆರಿಗೆಗೆ ಅಮ್ಮ ಸಾಗರದಿಂದ ಲೇಹ್ಯ ಮಾಡಿ ಕಳಿಸಿದರು, ನಾನು ಹೇಳುವ ಮೊದಲೇ.

ಇನ್ನೊಂದು ಮಾತು, ಮನೆಗೆ ಕರೆಸು. ಜೋಗ ತೋರಿಸಲಿಕ್ಕೆ ಅಂತಲ್ಲ, ಮನೆಯಲ್ಲಿ ನಾಲ್ಕು ದಿನ ಇರಲಿಕ್ಕೆ. ನಮ್ಮಲ್ಲಿ ಮಾರಿಕಾಂಬೆ ಜಾತ್ರೆ ಮೂರು ವರ್ಷಕ್ಕೊಮ್ಮೆ. ಒಂದು ಜಾತ್ರೆಗೆ ಅವಳು ಮಕ್ಕಳ ಜೊತೆ ಬಂದಳು. ಆಗ ನಮ್ಮಲ್ಲಿ ಅಡಿಕೆ ಕೆಲಸ ಇನ್ನೂ ಮುಗಿದಿರಲಿಲ್ಲ, ಅಂಗಳದ ಚಪ್ಪರದಲ್ಲಿ ರಾತ್ರಿ ಸುಲಿಯುತ್ತಿದ್ದೆವು. ಸುಮ್ಮನೆ ನೋಡುತ್ತಾ ಕೂರುವವಳಲ್ಲ ಅವಳು, ಬಂದು ಮೆಟ್ಟುಗತ್ತಿ ಮೇಲೆ ಕೂತೇಬಿಟ್ಟಳು. ನಮ್ಮತ್ತೆಗೆ ಹಿಂದಿ ಬಾರದು, ಅವಳಿಗೆ ಕನ್ನಡ ಬಾರದು. ಅತ್ತೆ ಹಿಂದೆ ನಿಂತು ಅವಳ ಎರಡೂ ಕೈ ಹಿಡಿದು, ಕಾಯನ್ನು ಕತ್ತಿಗೆ ಎಲ್ಲಿ ಒತ್ತಬೇಕು, ಸಿಪ್ಪೆ ಹೇಗೆ ಬಿಡಿಸಬೇಕು ಅಂತ ಮಾಡಿಸಿ ತೋರಿಸಿದರು. ಮೊದಮೊದಲು ಅಡಿಕೆಯೇ ಹೋಳಾಗಿ ಹೋಗುತ್ತಿತ್ತು. ಮೂರನೇ ರಾತ್ರಿಗೆ ಅವಳ ಮುಂದೆಯೂ ಒಂದು ಗುಡ್ಡೆ. ಬೆರಳಿಗೆಲ್ಲ ಚೊಗರಿನ ಕರೆ ಹತ್ತಿತ್ತು, ಅದು ಹೋಗುವುದಿಲ್ಲ ಅಂತ ಅತ್ತೆ ತಾವೇ ಹುಣಸೆಹಣ್ಣು ಹಾಕಿ ತಿಕ್ಕಿದರು. ಅಲ್ಲಿಗೆ ಮುಗಿಯಿತು, ಅವಳು ನನ್ನ ಸ್ನೇಹಿತೆ ಅನ್ನುವುದು ಹೋಗಿ ಮನೆಯವಳಾದಳು. ನಾನು ಫೋನ್ ಮಾಡುವುದು ತಡವಾದರೆ ಅತ್ತೆಯೇ ನೆನಪಿಸುತ್ತಾರೆ. ನಿಮ್ಮ ಅತ್ತೆಯವರೂ ಅವರನ್ನು ನೋಡಿಲ್ಲ, ಅದಕ್ಕೆ ಹಾಗೆ ಹೇಳುತ್ತಾರೆ. ವಿಡಿಯೋ ಕಾಲ್ ಮಾಡುವಾಗ ಫೋನು ಅತ್ತೆಯವರ ಕೈಗೂ ಕೊಡು.

ಹೊಸನಗರದಿಂದ:

ವಿಡಿಯೋ ಕಾಲ್ ಆಗುವ ಊರಿನವರು ಪುಣ್ಯವಂತರು. ನಮ್ಮಲ್ಲಿ ಸಿಗ್ನಲ್ ಬೇಕಾದರೆ ಹಿಂದಿನ ಗುಡ್ಡ ಹತ್ತಬೇಕು, ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಯಿತು. ನಾನು ಮಾಡುವುದು ಹೀಗೆ: ರಾತ್ರಿ ಕೆಲಸ ಮುಗಿದ ಮೇಲೆ ಮಾತಾಡಿ ವಾಯ್ಸ್ ಮೆಸೇಜ್ ರೆಕಾರ್ಡ್ ಮಾಡಿಡುತ್ತೇನೆ, ಮರುದಿನ ಡೇರಿಗೆ ಹಾಲು ಹಾಕಲು ಹೋದಾಗ ಅದು ತಾನಾಗಿ ಹೋಗುತ್ತದೆ. ಅವರದ್ದು ಬಂದು ಇಳಿದಿರುತ್ತದೆ. ಹಿನ್ನೆಲೆಯಲ್ಲಿ ಅವಳ ಮನೆಯ ಕುಕ್ಕರ್ ಕೂಗುವುದು, ಮಕ್ಕಳು ಜಗಳವಾಡುವುದು ಎಲ್ಲ ಕೇಳಿಸುತ್ತದೆ. ನನಗೆ ಅದೇ ಬೇಕಾದದ್ದು.

ಒಂದು ಎಚ್ಚರ, ಹೊಸಬರಿಗೆ ಹೇಳಲೇಬೇಕು. ಯಜಮಾನರು ಎಲ್ಲಿದ್ದಾರೆ, ಯೂನಿಟ್ ಯಾವಾಗ ಹೊರಡುತ್ತದೆ, ಇದನ್ನು ಎಷ್ಟೇ ಆಪ್ತರಾದರೂ ಗ್ರೂಪಿನಲ್ಲಿ ಬರೆಯಬೇಡಿ, ಕೇಳಲೂ ಬೇಡಿ. "ಫೋನ್ ಬಂತಾ?" ಅಂತ ಕೇಳಿದರೆ ಸಾಕು. ಅಷ್ಟರಲ್ಲೇ ಎಲ್ಲ ಅರ್ಥವಾಗುತ್ತದೆ.

ಶಿವಮೊಗ್ಗದಿಂದ, ರಿಟೈರ್ಡ್ ಹವಾಲ್ದಾರ್:

ಹೆಂಗಸರ ಮಾತಿನ ನಡುವೆ ಬರುತ್ತಿದ್ದೇನೆ, ಕ್ಷಮಿಸಿ ಅಮ್ಮ. ಈ ವಿಷಯದಲ್ಲಿ ಗಂಡಸರ ಪಾಲೂ ಇದೆ. 2020ರ ಜುಲೈನಲ್ಲಿ ಸೇನೆ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ನಮಗೆ ಹೇಳಿತು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡೂ ಅದರಲ್ಲಿದ್ದವು. ಅದು ಸರಿಯಾದ ಆದೇಶವೇ. ಆದರೆ ಎಷ್ಟೋ ಜನರ ಕೈಯಲ್ಲಿ ಹಳೇ ಜೊತೆಗಾರರ ವಿಳಾಸ ಅಂತ ಇದ್ದದ್ದು ಅಲ್ಲಿ ಮಾತ್ರ. ನಮ್ಮನೆಯವಳು ಮೊದಲಿನಿಂದ ಒಂದು ಪುಸ್ತಕದಲ್ಲಿ ಪ್ರತಿ ಮನೆಯ ಖಾಯಂ ವಿಳಾಸ ಬರೆದಿಟ್ಟಿದ್ದಳು: ಊರು, ಅಂಚೆ, ತಾಲ್ಲೂಕು, ಜಿಲ್ಲೆ, ಮಾವನ ಹೆಸರು. ಯೂನಿಟ್ ವಿಳಾಸ 56 ಎ.ಪಿ.ಒ. (ಸೇನಾ ಅಂಚೆ ಕಚೇರಿ) ಅಂತ ಇರುತ್ತದೆ, ಆದರೆ ಮನುಷ್ಯ ಯೂನಿಟ್ ಬಿಟ್ಟ ಮೇಲೆ ಅದು ಉಪಯೋಗಕ್ಕೆ ಬರುವುದಿಲ್ಲ. ಊರಿನ ವಿಳಾಸ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಫೋನ್ ನಂಬರ್ ಬದಲಾಗಿ ತಪ್ಪಿಹೋದ ಒಬ್ಬರನ್ನು ಅವಳು ಆ ಪುಸ್ತಕ ನೋಡಿ ಕಾರ್ಡ್ ಹಾಕಿಯೇ ಹುಡುಕಿದಳು.

ಮತ್ತೆ, ವರ್ಷಕ್ಕೆ ನಮಗೆ 60 ದಿನ ಆ್ಯನುವಲ್ ಲೀವ್, 30 ದಿನ ಕ್ಯಾಶುವಲ್ ಲೀವ್. ಗಂಡ ರಜೆಗೆ ಬಂದಾಗ ನಿಮ್ಮ ಸ್ನೇಹಿತೆ ಫೋನ್ ಎತ್ತುವುದಿಲ್ಲ, ಮೆಸೇಜ್ ನೋಡುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಆ ದಿನಗಳು ಅವರದ್ದು. ರಜೆ ಮುಗಿಸಿ ಅವನನ್ನು ರೈಲು ಹತ್ತಿಸಿ ಬಂದ ಸಂಜೆ ಇದೆಯಲ್ಲ, ಆವತ್ತು ಫೋನ್ ಮಾಡಿ.

ಭದ್ರಾವತಿಯಿಂದ:

ನಾನು ಬರೆಯುವುದು ಬೇರೆ. ನಮ್ಮ ಕ್ವಾರ್ಟರ್ಸ್ ಲೈನಿನಲ್ಲಿದ್ದ ಒಬ್ಬಳ ಗಂಡ ಗಡಿಯಿಂದ ವಾಪಸ್ ಬರಲಿಲ್ಲ. ಅವಳಿಗಾಗ ಇಪ್ಪತ್ತರ ಹರೆಯ, ಊರು ಮಹಾರಾಷ್ಟ್ರದ ಒಂದು ಹಳ್ಳಿ. ಮೊದಲ ತಿಂಗಳು ಊರಿಗೆ ಊರೇ ಅವಳ ಮನೆ ಮುಂದೆ ಇತ್ತು, ಹಾರ, ಭಾಷಣ, ಫೋಟೋ. ಆಮೇಲೆ ಯಾರೂ ಇಲ್ಲ. ನಾವು ಮೂರು ಜನ ಸೇರಿ ಒಂದು ತೀರ್ಮಾನ ಮಾಡಿದೆವು: ಹುತಾತ್ಮ ದಿನಕ್ಕೆ, ಸ್ವಾತಂತ್ರ್ಯ ದಿನಕ್ಕೆ ಎಲ್ಲರೂ ಮಾಡುತ್ತಾರೆ, ನಾವು ಬೇರೆ ದಿನ ಮಾಡೋಣ. ಸುಮ್ಮನೆ ಒಂದು ಮಂಗಳವಾರ, ಏನು ಸಾರು ಮಾಡಿದೆ ಅಂತ ಕೇಳಲಿಕ್ಕೆ.

ಅವಳಿಗೆ ಅಳಲು ಜನ ಬೇಕಾಗಿರಲಿಲ್ಲ, ಕಾಗದಪತ್ರಕ್ಕೆ ಬೇಕಾಗಿತ್ತು. ಪೆನ್ಷನ್ನಿನ ಕಾಗದ, ರೆಕಾರ್ಡ್ ಆಫೀಸಿನ ಪತ್ರ, ಬ್ಯಾಂಕು, ಮಗುವಿನ ಹೆಸರು ಸೇನೆಯ ದಾಖಲೆಗೆ ಸೇರಿಸುವ ಪಾರ್ಟ್ ಟು ಆರ್ಡರ್‌ನಲ್ಲಿ ಸರಿಯಾಗಿ ಬಂದಿದೆಯಾ. ನಮ್ಮವರು ಕ್ಲರ್ಕ್ ಟ್ರೇಡಿನವರು. ಅವಳು ಫೋಟೋ ತೆಗೆದು ಕಳಿಸುತ್ತಿದ್ದಳು, ಇವರು ಓದಿ ಏನು ಬರೆಯಬೇಕು ಅಂತ ಹೇಳುತ್ತಿದ್ದರು. ಈಗ ಪೆನ್ಷನ್ ರಕ್ಷಣಾ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ಗೆ ಬಂದಿದೆ, ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು. ಫೋನಿನಲ್ಲಿ ಮುಖ ತೋರಿಸಿ ಮಾಡುವುದನ್ನು ಮೊದಲು ಕಲಿತವಳು ಅವಳು. ನನ್ನ ಅತ್ತೆಯ ಪೆನ್ಷನ್ನಿಗೆ ಅದನ್ನು ಮಾಡಿಸುವುದು ನನಗೆ ಹೇಳಿಕೊಟ್ಟವಳೂ ಅವಳೇ. ತಂಗಿ, ನಿಮ್ಮ ಮದುವೆ, ಮಗಳ ಹುಟ್ಟು ಪಾರ್ಟ್ ಟು ಆರ್ಡರ್ ಆಗಿದೆಯಾ ಅಂತ ಯಜಮಾನರನ್ನು ಒಮ್ಮೆ ಕೇಳಿ, ನಿಮ್ಮ ಮೂವರು ಸ್ನೇಹಿತೆಯರಿಗೂ ಕೇಳಲು ಹೇಳಿ. ಇಂಥ ಮಾತನ್ನು ಗೆಳತಿ ಹೇಳಿದರೆ ಅಪಶಕುನ ಅನಿಸುವುದಿಲ್ಲ.

ಸೊರಬದಿಂದ:

ನಾನು ಫೌಜಿಯ ಹೆಂಡತಿಯಲ್ಲ, ಮಗಳು. ಕೇಂದ್ರೀಯ ವಿದ್ಯಾಲಯದಲ್ಲಿ ಓದಿದವರಿಗೆ ಗೊತ್ತು, ಪ್ರತಿ ಎರಡು ಮೂರು ವರ್ಷಕ್ಕೆ ಪುಸ್ತಕ ಅದೇ, ಪಕ್ಕ ಕೂರುವವರು ಬೇರೆ. ನನ್ನ ಅಮ್ಮನಿಗೆ ಒಡಿಶಾದ ಒಬ್ಬ ಆಂಟಿ ಸ್ನೇಹವಾದದ್ದು ಅಕ್ಕಿಹಿಟ್ಟಿನಿಂದ. ಭೂಮಿ ಹುಣ್ಣಿಮೆ ಬಂದಾಗ ಅಮ್ಮ ಕ್ವಾರ್ಟರ್ಸಿನಲ್ಲೇ ಒಂದು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಭೂಮಣ್ಣಿ ಬುಟ್ಟಿಯ ಚಿತ್ತಾರ ಬರೆಯುತ್ತಿದ್ದರು. ಪುಂಡಿ ನಾರಿನ ಕುಂಚ ಊರಿನಿಂದಲೇ ತಂದದ್ದು. ಬಾಗಿಲಲ್ಲಿ ನಿಂತು ನೋಡಿದ ಆಂಟಿ ಒಳಗೆ ಬಂದು, ನಮ್ಮಲ್ಲೂ ಇದೆ ಅಂತ ಬೆರಳನ್ನೇ ಹಿಟ್ಟಿನಲ್ಲಿ ಅದ್ದಿ ನೆಲದ ಮೇಲೆ ಭತ್ತದ ತೆನೆ, ಲಕ್ಷ್ಮಿಯ ಪಾದ ಬರೆದರು. ಅವರು ಅದನ್ನು ಝೋಟಿ ಅನ್ನುತ್ತಾರೆ, ಮಾರ್ಗಶಿರದ ಗುರುವಾರಗಳಲ್ಲಿ ಬರೆಯುವುದು. ಆ ಮೇಲೆ ಎಲ್ಲೇ ಇರಲಿ, ಹುಣ್ಣಿಮೆಗೆ ಇಲ್ಲಿಂದ ಬುಟ್ಟಿಯ ಫೋಟೋ, ಮಾರ್ಗಶಿರಕ್ಕೆ ಅಲ್ಲಿಂದ ನೆಲದ ಫೋಟೋ. ಆಂಟಿಯ ಮಗಳು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹಬ್ಬಕ್ಕೆ ಅವಳು ಬರುವುದು ಸೊರಬಕ್ಕೆ. ನಿಮ್ಮ ಮಗಳು ಚಿಕ್ಕವಳು ಅಂತ ಬಿಡಬೇಡಿ ಅಕ್ಕ, ಮಕ್ಕಳ ಕೈಲೂ ಮಾತಾಡಿಸಿ. ಅಮ್ಮಂದಿರಿಗೆ ಪುರುಸೊತ್ತಾಗದ ವರ್ಷಗಳಲ್ಲಿ ನಾವು ಮಕ್ಕಳೇ ನಡೆಸಿದ್ದೇವೆ.

ಶಿವಮೊಗ್ಗದಿಂದ:

ಎಲ್ಲರೂ ದೂರದವರ ಬಗ್ಗೆ ಹೇಳಿದಿರಿ, ನಾನು ಹತ್ತಿರದವರ ಬಗ್ಗೆ ಹೇಳುತ್ತೇನೆ. ಮಲೆನಾಡಿನಲ್ಲಿ ಫೌಜಿ ಮನೆಗಳು ಇಲ್ಲಿ ಒಂದು, ಅಲ್ಲಿ ಒಂದು. ನಿಮ್ಮೂರಿನಲ್ಲಿ ನೀವೊಬ್ಬರೇ ಇರಬಹುದು, ಪಕ್ಕದ ಊರಿನಲ್ಲಿ ಇನ್ನೊಬ್ಬಳು ಹೀಗೇ ಕೂತಿರುತ್ತಾಳೆ. ಕ್ಯಾಂಟೀನಿಗೆ ಬಂದಾಗ, ಮಾವನವರೂ ಮಾಜಿ ಸೈನಿಕರಾಗಿದ್ದರೆ ಅವರ ಜೊತೆ ಇ.ಸಿ.ಎಚ್.ಎಸ್ (ಮಾಜಿ ಸೈನಿಕರ ಚಿಕಿತ್ಸಾ ಯೋಜನೆ) ಪಾಲಿಕ್ಲಿನಿಕ್ಕಿಗೆ ಬಂದಾಗ, ಸಾಲಿನಲ್ಲಿ ನಿಂತವರನ್ನು ಮಾತಾಡಿಸಿ. ನನಗೆ ನನ್ನ ಗೆಳತಿ ಸಿಕ್ಕಿದ್ದು ಅಲ್ಲೇ. ಅವಳ ಗಂಡ ಯಾವ ರೆಜಿಮೆಂಟೋ, ನಮ್ಮವರು ಯಾವುದೋ. ರಾತ್ರಿ ಹನ್ನೊಂದಕ್ಕೆ ಟಿವಿಯಲ್ಲಿ ಗಡಿಯ ಸುದ್ದಿ ಬಂದಾಗ ಏನೂ ವಿವರಿಸದೆ ಫೋನ್ ಮಾಡಬಹುದಾದವಳು ಅವಳೊಬ್ಬಳೇ.

ಎಲ್ಲರನ್ನೂ ಉಳಿಸಿಕೊಳ್ಳಬೇಕು ಅಂತಲೂ ಇಲ್ಲ. ಕ್ವಾರ್ಟರ್ಸಿನಲ್ಲಿ ಇಪ್ಪತ್ತು ಮನೆ ಸ್ನೇಹ ಇರುತ್ತದೆ, ಎರಡು ಉಳಿದರೂ ದೊಡ್ಡದು. ರ‍್ಯಾಂಕ್ ಬೇರೆ ಅಂತ ಹಿಂಜರಿಯುವುದೂ ಬೇಡ. 1966ರಲ್ಲಿ ಶುರುವಾದ ಆರ್ಮಿ ವೈವ್ಸ್ ವೆಲ್ಫೇರ್ ಅಸೋಸಿಯೇಷನ್‌ನ ಹೊಲಿಗೆ ಕ್ಲಾಸಿನಲ್ಲಿ ನನ್ನನ್ನು ಮುಂದೆ ತಂದ ಮೇಡಂ ಒಬ್ಬರಿದ್ದರು, ಆಫೀಸರ್ ಹೆಂಡತಿ. ಎದುರಿಗಿದ್ದಾಗ ನಾನು ಕೂತು ಮಾತಾಡಿದವಳಲ್ಲ. ಇಬ್ಬರ ಗಂಡಂದಿರೂ ರಿಟೈರ್ ಆದ ಮೇಲೆ ಅವರೇ ಫೋನ್ ಮಾಡಿದರು. ಈಗ ಇಬ್ಬರಿಗೂ ಮಂಡಿನೋವು, ಮಾತಿಗೆ ಬರವಿಲ್ಲ.

ಕೇಳಿದವರು, ಮತ್ತೆ:

ಎಲ್ಲರಿಗೂ ಎಷ್ಟು ಹೇಳಿದರೂ ಸಾಲದು. ಓದುತ್ತಾ ಓದುತ್ತಾ ಅತ್ತು ಮುಗಿಸಿದೆ. ಒಡಿಶಾದವಳಿಗೆ ಆಗಲೇ ಫೋನ್ ಮಾಡಿದೆ, ಅವಳಿಗೂ ಗಂಡ ಫೀಲ್ಡಿಗೆ ಹೋಗಿದ್ದಾನೆ, ಅವಳೂ ಅತ್ತೆಮನೆಯಲ್ಲಿ. ಪಂಜಾಬಿನವಳಿಗೆ ಕ್ವಾರ್ಟರ್ಸಿನಲ್ಲಿದ್ದಾಗ ನಮ್ಮ ಮಿಡಿ ಉಪ್ಪಿನಕಾಯಿ ಅಂದರೆ ಪ್ರಾಣ. ಕಳಿಸಬೇಕು ಅಂತಿದ್ದೇನೆ, ಅಷ್ಟು ದೂರ ಸೋರದೆ ಹೋಗುತ್ತದಾ? ಮತ್ತೆ ಅವಳು ಬರುವುದಾದರೆ ಹೇಗೆ ಬರಬೇಕು?

ಸಾಗರದಿಂದ:

ಗಾಜಿನ ಬಾಟಲಿ ಬೇಡ, ತಿರುಪಿನ ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ತಗೋ. ರಸ ಕಡಿಮೆ ಮಾಡಿ ಮಿಡಿ ಹೆಚ್ಚು ಹಾಕು, ಕುತ್ತಿಗೆಯವರೆಗೆ ತುಂಬಬೇಡ. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ತಿರುಪಿ, ಮೇಲೆ ಟೇಪು ಸುತ್ತಿ, ಎರಡು ಕವರಿನೊಳಗೆ ಹಾಕು. ಸುತ್ತ ಹಲಸಿನ ಹಪ್ಪಳ ಇಡಬೇಡ, ಪುಡಿಯಾಗುತ್ತದೆ, ಹಳೇ ಬಟ್ಟೆ ತುಂಬು. ಸ್ಪೀಡ್ ಪೋಸ್ಟಿನಲ್ಲಿ ನಾನು ಹೀಗೇ ಕಳಿಸುವುದು.

ಬರುವವರಿಗೆ ಬೆಂಗಳೂರಿಗೆ ಬಂದು ಅಲ್ಲಿಂದ ರೈಲಿನಲ್ಲಿ ಶಿವಮೊಗ್ಗ ಟೌನ್‌ಗೆ ಬರಲು ಹೇಳು, ಅಲ್ಲಿಂದ ನಿಮ್ಮ ತೀರ್ಥಹಳ್ಳಿಗೆ ಬಸ್ಸು ಬೇಕಾದಷ್ಟಿವೆ. ಜೂನ್, ಜುಲೈ ಬೇಡ, ಆಗುಂಬೆ ಕಡೆಯ ಮಳೆಗೆ ಮಕ್ಕಳು ಹೊರಗೆ ಕಾಲಿಡಲಿಕ್ಕಾಗದು. ಅಡಿಕೆ ಕೊಯ್ಲಿನ ಹೊತ್ತಿಗೆ ಕರೆಸು. ಆ ಡಬ್ಬಿ ತಲುಪಿದ ದಿನ ಇಲ್ಲಿ ಬಂದು ಹೇಳು.